ವಾಹನ ಪ್ರಶ್ನೋತ್ತರ: ಸೆಡಾನ್ ಸಿಗುವುದೇ ಕಷ್ಟ, ಸಿಕ್ಕರೆ ದುಬಾರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ನಾಲ್ಕೈದು ಜನರ ಸಂಸಾರಕ್ಕೆ ಒಗ್ಗುವ ಸೆಡಾನ್ (ಹಿಂದೆ ಪ್ರತ್ಯೇಕ ಡಿಕ್ಕಿ ಇರುವ ಕಾರು) ಹೊಸದಾಗಿ ಬೇಕೆಂದರೆ ಆಯ್ಕೆ ಕಡಿಮೆ, ಹಳೆಯದು ಬೇಕೆಂದರೆ ಬೆಲೆ ಇಳಿಯುತ್ತಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಲೆಕ್ಕ ಬರುವ ಕಡೆ ಹೊಸ ಕಾರಿನ ಬೆಲೆಯನ್ನು 100 ಎಂದು ಹಿಡಿದಿದ್ದೇವೆ. ನೀವು ನೋಡಿರುವ ಕಾರಿನ ಬೆಲೆಯನ್ನು ಆ ಜಾಗದಲ್ಲಿ ಹಾಕಿಕೊಳ್ಳಿ.

ಪ್ರಶ್ನೆ: ಚಿಪ್ ಕೊರತೆ ಮುಗಿದು ವರ್ಷಗಳಾದವು ಎನ್ನುತ್ತಾರೆ. ಆದರೂ ಸೆಡಾನ್ ಬೆಲೆ ಇಳಿದಿಲ್ಲ. ಮೂರು ವರ್ಷ ಓಡಿದ ಕಾರಿಗೂ ಹೊಸದರ ಹತ್ತಿರದ ಬೆಲೆ ಹೇಳುತ್ತಾರೆ. ಯಾಕೆ ಹೀಗೆ?

ಉತ್ತರ: ಎರಡು ಬೇರೆ ಬೇರೆ ಕಾರಣಗಳು ಒಂದರ ಮೇಲೊಂದು ಬಂದು ಕೂತಿವೆ.

ಮೊದಲನೆಯದು ಚಿಪ್. 2020ರ ಮೊದಲ ತಿಂಗಳುಗಳಲ್ಲಿ ಕಾರು ಕಂಪನಿಗಳು ಮಾರಾಟ ಕುಸಿಯುತ್ತದೆಂದು ಚಿಪ್ ಆರ್ಡರ್‌ಗಳನ್ನು ರದ್ದು ಮಾಡಿದವು. ಆ ಜಾಗವನ್ನು ಲ್ಯಾಪ್‌ಟಾಪ್, ಫೋನ್ ಕಂಪನಿಗಳು ಹಿಡಿದವು. ಕಾರಿನ ಬೇಡಿಕೆ ಬೇಗನೆ ಮರಳಿತು, ಚಿಪ್ ಮಾತ್ರ ಬೇಗ ಬರಲಿಲ್ಲ, ಏಕೆಂದರೆ ಒಂದು ಚಿಪ್ ಕಾರ್ಖಾನೆಯೊಳಗೆ ಹೊಕ್ಕು ಹೊರಬರಲು ಮೂರು ತಿಂಗಳಾದರೂ ಬೇಕು. ಸಾಲದ್ದಕ್ಕೆ 2021ರ ಮಾರ್ಚ್‌ನಲ್ಲಿ ಜಪಾನಿನ ನಾಕಾದಲ್ಲಿರುವ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರಿನ ಕಂಟ್ರೋಲ್ ಚಿಪ್‌ಗಳನ್ನು ಮಾಡುವ ದೊಡ್ಡ ಕಂಪನಿಗಳಲ್ಲಿ ಅದೂ ಒಂದು. ಕೈಯಲ್ಲಿದ್ದ ಸ್ವಲ್ಪ ಚಿಪ್ಪನ್ನು ಕಂಪನಿಗಳು ಹೆಚ್ಚು ಲಾಭ ತರುವ ದೊಡ್ಡ ಗಾಡಿಗಳಿಗೆ ಹಾಕಿದವು, ಸಾಧಾರಣ ಬೆಲೆಯ ಸೆಡಾನ್ ಸಾಲಿನ ಕೊನೆಗೆ ಹೋಯಿತು.

ಎರಡನೆಯದು ಚಿಪ್‌ಗಿಂತ ಹಳೆಯದು, ಇನ್ನೂ ಮುಗಿದಿಲ್ಲ. ಖರೀದಿದಾರರು ಎತ್ತರದ ಗಾಡಿಗಳತ್ತ ಹೋದರು, ಕಂಪನಿಗಳು ಅವರ ಹಿಂದೆ ಹೋದವು. ಉತ್ತರ ಅಮೆರಿಕದಲ್ಲಿ ಸೆಡಾನ್ ನಿಲ್ಲಿಸುವುದಾಗಿ ಫೋರ್ಡ್ 2018ರ ಏಪ್ರಿಲ್‌ನಲ್ಲೇ ಹೇಳಿತ್ತು, 2020ರಲ್ಲಿ ಅಲ್ಲಿನ ಅದರ ಫ್ಯೂಷನ್ ಸೆಡಾನ್ ನಿಂತಿತು. ಜನರಲ್ ಮೋಟಾರ್ಸ್ ತನ್ನ ಷೆವ್ರೊಲೆ ಮಾಲಿಬುವನ್ನು 2024ರಲ್ಲಿ ನಿಲ್ಲಿಸಿತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಜಗತ್ತಿನಲ್ಲಿ ಮಾರಾಟವಾದ ಕಾರುಗಳಲ್ಲಿ ಶೇ 48 ಇಂಥ ಎತ್ತರದ ಎಸ್‌ಯುವಿಗಳು. ಚಿಪ್ ಸಿಕ್ಕಿತೆಂದ ಮಾತ್ರಕ್ಕೆ ಮುಚ್ಚಿದ ಸೆಡಾನ್ ಸಾಲು ಮತ್ತೆ ತೆರೆಯುವುದಿಲ್ಲ.

ಹಳೆಯ ಕಾರಿನ ಬೆಲೆಗೂ ಇದೇ ಮೂಲ. ಅಂದು ತಯಾರಾಗದ ಕಾರು ಇಂದು ಸೆಕೆಂಡ್ ಹ್ಯಾಂಡ್ ಆಗಿ ಬರಲು ಸಾಧ್ಯವಿಲ್ಲ. 2020ರಿಂದ 2022ರವರೆಗೆ ಹೊಸದಾಗಿ ಮಾರಾಟವಾಗದ ಕಾರುಗಳ ಆ ಖಾಲಿ ಜಾಗ ವರ್ಷ ವರ್ಷವೂ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ. ಮೊದಲು ಮೂರು ವರ್ಷದ ಕಾರುಗಳಲ್ಲಿ ಕೊರತೆ ಕಂಡಿತು, ಆಮೇಲೆ ಐದು ವರ್ಷದವುಗಳಲ್ಲಿ, ಮುಂದೆ ಎಂಟು ವರ್ಷದವುಗಳಲ್ಲಿ. ಬಾಡಿಗೆ ಕಂಪನಿಗಳೂ ಲೀಸ್ ಕಂಪನಿಗಳೂ ಆ ಕಾಲದಲ್ಲಿ ಹೊಸದು ಸಿಗದೆ ಇದ್ದುದನ್ನೇ ಹೆಚ್ಚು ದಿನ ಓಡಿಸಿದವು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಒಳ್ಳೆಯ ಸರ್ವೀಸ್ ದಾಖಲೆಯೊಡನೆ ಬರುವ ಕಾರುಗಳ ದೊಡ್ಡ ಮೂಲವೇ ಅವು.

ಹಾಗಾಗಿ ಹುಡುಕುವಾಗ ತಯಾರಾದ ವರ್ಷವನ್ನು ಸ್ವಲ್ಪ ಆಚೀಚೆ ಮಾಡಿ ನೋಡಿ. 2021ರ ಕಾರಿಗಿಂತ ಅದೇ ಮಾದರಿಯ 2019ರ ಕಾರು ಹೆಚ್ಚು ಸಂಖ್ಯೆಯಲ್ಲಿ ಇರಬಹುದು. ಇಂಥಲ್ಲಿ ಎರಡು ವರ್ಷದ ವಯಸ್ಸಿನ ವ್ಯತ್ಯಾಸಕ್ಕೆ ಸಿಗುವ ರಿಯಾಯಿತಿ ಮಾಮೂಲಿಗಿಂತ ಹೆಚ್ಚೇ ಇರುತ್ತದೆ.

ಪ್ರಶ್ನೆ: ಹೊಸದಕ್ಕೆ 100 ಆದರೆ ಮೂರು ವರ್ಷದ ಹಳೆಯದಕ್ಕೆ 85 ಹೇಳುತ್ತಿದ್ದಾರೆ. 15 ಉಳಿಯುತ್ತದಲ್ಲ, ಹಳೆಯದನ್ನೇ ಕೊಳ್ಳಬಹುದೇ?

ಉತ್ತರ: ಬೇಡ. ಈ ಬೆಲೆಗೆ ಹೊಸದೇ ಅಗ್ಗ. ಉಳಿತಾಯವನ್ನು ನೋಡಬೇಡಿ, ನಿಮ್ಮ ಕೈಯಲ್ಲಿ ಓಡುವ ಒಂದೊಂದು ವರ್ಷಕ್ಕೆ ಎಷ್ಟು ಬೀಳುತ್ತದೆಂದು ನೋಡಿ.

ಕಾರು ಎಂಟು ವರ್ಷವಾದಾಗ ಮಾರುತ್ತೀರಿ, ಆಗ 30 ಸಿಗುತ್ತದೆ ಎಂದುಕೊಳ್ಳಿ. ಹೊಸದಾದರೆ 100ರಲ್ಲಿ 30 ಕಳೆದು 70. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 8.75. ಹಳೆಯದಾದರೆ 85ರ ಜೊತೆಗೆ ಕೊಂಡ ಕೂಡಲೇ ಹಾಕಬೇಕಾದ ನಾಲ್ಕು ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು, ಎಲ್ಲ ಆಯಿಲ್ ಬದಲಾವಣೆಗೆ 5 ಸೇರಿಸಿ 90. ಅದರಲ್ಲಿ 30 ಕಳೆದರೆ 60, ನಿಮಗೆ ಸಿಗುವುದು ಐದೇ ವರ್ಷ, ಅಂದರೆ ವರ್ಷಕ್ಕೆ 12. ಅಗ್ಗವೆಂದು ಕಂಡ ಕಾರು ವರ್ಷಕ್ಕೆ ಮೂರು ಚಿಲ್ಲರೆ ಹೆಚ್ಚು ತಿನ್ನುತ್ತದೆ, ಮೇಲಾಗಿ ವಾರಂಟಿಯ ಬಹುಪಾಲು ಮುಗಿದಿರುತ್ತದೆ.

ಹಾಗಾದರೆ ಆ ಹಳೆಯ ಕಾರಿಗೆ ಸರಿಯಾದ ಬೆಲೆ ಯಾವುದು? ಹಿಂದಿನಿಂದ ಲೆಕ್ಕ ಹಾಕಿ. ವರ್ಷಕ್ಕೆ 8.75ರಂತೆ ಐದು ವರ್ಷಕ್ಕೆ 43.75, ಅದಕ್ಕೆ ಮರುಮಾರಾಟದ 30 ಸೇರಿಸಿ 73.75, ರಿಪೇರಿಯ 5 ಕಳೆದರೆ 68.75. ಸುಮಾರು 69ರ ಕೆಳಗೆ ಸಿಕ್ಕರೆ ಹಳೆಯದು ಲಾಭ. 69ಕ್ಕೂ 85ಕ್ಕೂ ನಡುವೆ ಇದ್ದರೆ ವಾರಂಟಿ, ಹೊಸದಕ್ಕೆ ಕಾಯಬೇಕಾದ ತಿಂಗಳುಗಳು, ವಿಮೆಯ ವ್ಯತ್ಯಾಸ ಇವುಗಳನ್ನು ತೂಗಿ ನೋಡಿ. ಸಾಲ ತೆಗೆಯುವವರು ಬಡ್ಡಿಯನ್ನೂ ಸೇರಿಸಲೇಬೇಕು, ಏಕೆಂದರೆ ಹಳೆಯ ಕಾರಿನ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿ ಹೆಚ್ಚು. 100ನ್ನು ಐದು ವರ್ಷಕ್ಕೆ ಶೇ 9ರಲ್ಲಿ ತೆಗೆದರೆ ಒಟ್ಟು ಕಟ್ಟುವುದು ಸುಮಾರು 124.5, ಶೇ 12ರಲ್ಲಿ ತೆಗೆದರೆ ಸುಮಾರು 133.5.

ಮರುಮಾರಾಟದ ಬೆಲೆಯನ್ನು ಇಂದಿನ ಏರಿದ ಬೆಲೆಗಳಿಂದ ಊಹಿಸಬೇಡಿ. ಕೊರತೆಯ ಕಾಲದಲ್ಲಿ ಕೊಂಡು ಕೊರತೆ ಇಲ್ಲದ ಕಾಲದಲ್ಲಿ ಮಾರುವ ಸಂದರ್ಭ ಬಂದೀತು. ಆ ಅಂಕಿಯನ್ನು ಒಂದಿಷ್ಟು ಕಡಿಮೆಯೇ ಇಟ್ಟು ಲೆಕ್ಕ ಹಾಕಿ.

ಪ್ರಶ್ನೆ: ಹಳೆಯ ಸೆಡಾನ್ ಒಂದು ಹಿಡಿಸಿದೆ. ಬೇರೆ ಗಿರಾಕಿ ಕಾಯುತ್ತಿದ್ದಾರೆ, ಇವತ್ತೇ ಹೇಳಿ ಎಂದು ಮಾರುವವರು ಅವಸರ ಮಾಡುತ್ತಿದ್ದಾರೆ. ಕಡಿಮೆ ಸಮಯದಲ್ಲಿ ಏನೇನು ನೋಡಬೇಕು?

ಉತ್ತರ: ಒಂದೂವರೆ ಗಂಟೆ ಬೇಕು. ಅಷ್ಟನ್ನೂ ಕೊಡದವರ ಕಾರನ್ನು ಬಿಟ್ಟುಬಿಡಿ. ಬೇಡಿಕೆ ಹೆಚ್ಚಿರುವಾಗ ಗುದ್ದಿದ ಕಾರು, ನೀರಲ್ಲಿ ಮುಳುಗಿದ ಕಾರು, ಮೀಟರ್ ತಿರುಗಿಸಿದ ಕಾರು ಇವೆಲ್ಲ ಒಳ್ಳೆಯವುಗಳ ಬೆಲೆಗೇ ಹೋಗುತ್ತವೆ. ಆದ್ದರಿಂದ ಈಗಲೇ ಹೆಚ್ಚು ಎಚ್ಚರ ಬೇಕು.

ಹಗಲಲ್ಲಿ, ಒಣಗಿದ ಕಾರನ್ನು ನೋಡಿ. ಒದ್ದೆಯಿದ್ದರೆ ಪೇಂಟಿನ ದೋಷ ಕಾಣುವುದಿಲ್ಲ. ಎಂಜಿನ್ ತಣ್ಣಗಿರಬೇಕೆಂದು ಮೊದಲೇ ಹೇಳಿಡಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮುಂಚೆಯೇ ಸ್ಟಾರ್ಟ್ ಮಾಡಿದ್ದಾರೆ ಎಂದರ್ಥ. ತಣ್ಣನೆಯ ಸ್ಟಾರ್ಟ್‌ನಲ್ಲಿ ಮಾತ್ರ ಗೊತ್ತಾಗುವ ದೋಷಗಳನ್ನು ನೀವು ಕಳೆದುಕೊಳ್ಳುತ್ತೀರಿ, ಇನ್ನೊಂದು ದಿನ ಬರುವುದೇ ಮೇಲು.

ಬಾಡಿಯಿಂದ ಶುರು ಮಾಡಿ. ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಇವುಗಳ ಸಂದು ಎಡ ಬಲ ಒಂದೇ ಸಮ ಇರಬೇಕು. ಬಾನೆಟ್ ಹಿಂಜ್ ಮತ್ತು ಫೆಂಡರ್ ಬೋಲ್ಟ್‌ಗಳ ತಲೆಯ ಪೇಂಟ್ ಕಿತ್ತಿದ್ದರೆ ಅವನ್ನು ಯಾರೋ ಬಿಚ್ಚಿದ್ದಾರೆ. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಕೆಲಸ ಸುಲಭ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 80ರಿಂದ 160 ಮೈಕ್ರಾನ್ ಇರುತ್ತದೆ. 200ರಿಂದ 300 ಎಂದರೆ ಮತ್ತೆ ಪೇಂಟ್ ಹೊಡೆದಿದ್ದಾರೆ, ಅದಕ್ಕೂ ಬಹಳ ಮೇಲಿದ್ದರೆ ಒಳಗೆ ಪುಟ್ಟಿ ಇದೆ. ಒಂದು ಬಾಗಿಲಿಗೆ ಪೇಂಟ್ ಹೊಡೆದಿದ್ದರೆ ಗಾಬರಿ ಬೇಡ, ಗೀರು ಬಿದ್ದಿರಬಹುದು. ಛಾವಣಿಯಲ್ಲಿ ಅಥವಾ ಬಾಗಿಲ ಕಂಬಗಳಲ್ಲಿ ಪುಟ್ಟಿ ಸಿಕ್ಕರೆ ಕಾರು ಉರುಳಿದ್ದಿರಬಹುದು, ದೊಡ್ಡ ಗುದ್ದು ತಿಂದಿದ್ದಿರಬಹುದು. ಅಲ್ಲಿಗೇ ನಿಲ್ಲಿಸಿ.

ಸೆಡಾನ್‌ನಲ್ಲಿ ಎಲ್ಲಕ್ಕಿಂತ ನಿಜ ಹೇಳುವ ಜಾಗ ಡಿಕ್ಕಿಯ ನೆಲ. ಮ್ಯಾಟ್ ಎತ್ತಿ, ಸ್ಟೆಪ್ನಿ ಹೊರಗೆ ತೆಗೆದು ಕೆಳಗಿನ ತಗಡನ್ನು ಟಾರ್ಚ್ ಹಿಡಿದು ನೋಡಿ. ಹಿಂದಿನಿಂದ ಗುದ್ದು ಬಿದ್ದ ಕಾರಿನಲ್ಲಿ ಆ ತಗಡು ಸುಕ್ಕುಗಟ್ಟಿರುತ್ತದೆ, ಸಂದಿಗೆ ಹಚ್ಚಿದ ಸೀಲೆಂಟ್ ಕಾರ್ಖಾನೆಯ ಸಮನಾದ ಗೆರೆಯಾಗಿರದೆ ಬೆರಳಲ್ಲಿ ಸವರಿದ ಹಾಗಿರುತ್ತದೆ. ಕಾರ್ಖಾನೆಯ ವೆಲ್ಡಿಂಗ್ ಚುಕ್ಕಿಗಳು ಸಮ ದೂರದಲ್ಲಿ ದುಂಡಗೆ ಇರುತ್ತವೆ, ಗ್ಯಾರೇಜ್ ವೆಲ್ಡಿಂಗ್ ಗೆರೆಯಾಗಿ ಉಬ್ಬಿರುತ್ತದೆ. ಬಂಪರ್ ಹೊಸದಾಗಿದ್ದು ಇಲ್ಲಿ ಸುಕ್ಕಿದ್ದರೆ ಏನಾಗಿದೆ ಎಂದು ಯಾರನ್ನೂ ಕೇಳಬೇಕಿಲ್ಲ.

ಮುಳುಗಿದ ಕಾರನ್ನು ಪತ್ತೆ ಹಚ್ಚಲು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಹೊರಗೆ ಕಾಣುವ ಭಾಗವನ್ನು ತೊಳೆದಿರುತ್ತಾರೆ, ಸುರುಳಿಯ ಒಳಗಿನ ಕೊನೆಯ ಒಂದಡಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ರೈಲು ಮತ್ತು ಸ್ಪ್ರಿಂಗ್‌ಗಳ ತುಕ್ಕು, ಡ್ಯಾಶ್‌ಬೋರ್ಡ್ ಕೆಳಗಿನ ವೈರ್ ಕನೆಕ್ಟರ್‌ಗಳ ಮೇಲೆ ಹಸಿರು ಪುಡಿ, ಹೆಡ್‌ಲೈಟ್ ಒಳಗೆ ನೀರಿನ ಗೆರೆ ಇವನ್ನೂ ನೋಡಿ. ತೀರ ಹೆಚ್ಚಾದ ಸುಗಂಧದ ವಾಸನೆಯೂ ಅನುಮಾನಕ್ಕೆ ಕಾರಣ. ಮುಳುಗಿದ ಕಾರು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಓಡುತ್ತದೆ. ಆಮೇಲೆ ಒಂದೊಂದೇ ಕಂಟ್ರೋಲ್ ಯೂನಿಟ್ ಕೈಕೊಡುತ್ತದೆ, ಏರ್‌ಬ್ಯಾಗ್ ಮೇಲೆ ಭರವಸೆ ಇಡುವಂತಿಲ್ಲ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಚಾಸಿ ನಂಬರ್ 17 ಅಕ್ಷರ–ಅಂಕಿಗಳದ್ದು. ಬಾಡಿಯ ಮೇಲೆ ಕೊರೆದಿರುವುದು, ಗಾಜಿನ ಕೆಳಗೆ ಅಥವಾ ಬಾಗಿಲ ಕಂಬದ ಪಟ್ಟಿಯಲ್ಲಿರುವುದು, ಕಾಗದದಲ್ಲಿರುವುದು ಎಲ್ಲ ಒಂದೇ ಆಗಿರಬೇಕು. ಟೈರಿನ ಬದಿಯಲ್ಲಿರುವ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2321 ಎಂದರೆ 2021ರ 23ನೇ ವಾರ. 20,000 ಕಿ.ಮೀ. ಮಾತ್ರ ಓಡಿದೆ ಎಂದು ಮೀಟರ್ ಹೇಳುವ ನಾಲ್ಕು ವರ್ಷದ ಕಾರಿನಲ್ಲಿ ಕಳೆದ ವರ್ಷದ ಟೈರುಗಳಿದ್ದರೆ ಯಾಕೆಂದು ಕೇಳಿ. ಬ್ರೇಕ್ ಪೆಡಲಿನ ರಬ್ಬರ್, ಸ್ಟಿಯರಿಂಗ್ ಚಕ್ರದ ಚರ್ಮ, ಡ್ರೈವರ್ ಸೀಟಿನ ಹೊರಗಿನ ಅಂಚು ಇವುಗಳ ಸವೆತ ಮೀಟರಿಗೆ ಹೊಂದಬೇಕು. ಹಲವು ಮಾದರಿಗಳಲ್ಲಿ ಓಡಿದ ದೂರ ಗೇರ್‌ಬಾಕ್ಸ್ ಅಥವಾ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಯೂನಿಟ್‌ನಲ್ಲೂ ದಾಖಲಾಗಿರುತ್ತದೆ. ಆ ಮಾದರಿಗೆ ಹೊಂದುವ ಸ್ಕ್ಯಾನರ್ ಇದ್ದರೆ ಹೋಲಿಸಿ ನೋಡಬಹುದು.

ಈಗ ಸ್ಟಾರ್ಟ್ ಮಾಡಿ. ಮೊದಲ ಎರಡು–ಮೂರು ಸೆಕೆಂಡು ಸರಪಳಿ ಅಲುಗಾಡಿದ ಸದ್ದು ಬಂದು ನಿಂತರೆ ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್ ಸವೆದಿರಬಹುದು. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದು ಸಿಹಿ ವಾಸನೆಯಿದ್ದರೆ ಕೂಲೆಂಟ್ ಒಳಹೋಗುತ್ತಿದೆ, ಹೆಡ್ ಗ್ಯಾಸ್ಕೆಟ್ ಕೆಲಸ ಕಾದಿದೆ. ಚಳಿಯಲ್ಲಿ ಆರಂಭದ ತೆಳು ಬಿಳಿ ಆವಿ ಸಹಜ.

ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ ದೋಷದ ಕೋಡ್ ಏನೂ ಇಲ್ಲ ಎಂದು ಬಂದರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಅದೇ ಸ್ಕ್ಯಾನರ್‌ನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪುಟವಿದೆ, ಅದನ್ನು ತೆರೆಯಿರಿ. ಕ್ಯಾಟಲಿಟಿಕ್ ಕನ್ವರ್ಟರ್ (ಎಂಜಿನ್ ಹೊಗೆಯ ವಿಷಾನಿಲ ಕಡಿಮೆ ಮಾಡುವ ಭಾಗ), ಆಕ್ಸಿಜನ್ ಸೆನ್ಸರ್ ಮುಂತಾದವುಗಳ ಎದುರು ‘ಪೂರ್ಣವಾಗಿಲ್ಲ’ ಎಂದು ಹಲವು ಸಾಲು ಬಂದರೆ ಕೋಡ್‌ಗಳನ್ನು ಇತ್ತೀಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿ ಹಾಕಿದ್ದಾರೆ. ಆ ಪರೀಕ್ಷೆಗಳು ಪೂರ್ಣವಾಗಲು ಕೆಲವು ದಿನದ ಓಡಾಟ ಬೇಕು. ಒಂದು ವಾರ ಬಿಟ್ಟು ಮತ್ತೆ ನೋಡುತ್ತೇನೆ ಎನ್ನಿ. ಪಿ0420 ಎಂಬ ಕೋಡ್ ಬಂದರೆ ಕ್ಯಾಟಲಿಟಿಕ್ ಕನ್ವರ್ಟರ್ ದಕ್ಷತೆ ಇಳಿದಿದೆ ಎಂಬ ಸೂಚನೆ. ಆ ಭಾಗದಲ್ಲಿ ಪ್ಲಾಟಿನಂ ಜಾತಿಯ ಲೋಹಗಳಿರುವುದರಿಂದ ಹೊಸದು ದುಬಾರಿ, ಕೆಳಗೆ ಬಗ್ಗಿ ಅದು ನಿಜಕ್ಕೂ ಇದೆಯೇ ಎಂದೂ ನೋಡಿ.

ಓಡಿಸುವಾಗ ಅರ್ಧ ಗಂಟೆಯಾದರೂ ಓಡಿಸಿ. ಖಾಲಿ ಜಾಗದಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನ ಚಲಿಸಿದಾಗ ಟಕ್ ಟಕ್ ಎಂದರೆ ಆಕ್ಸಲ್‌ನ ಸಿವಿ ಜಾಯಿಂಟ್ ಸವೆದಿದೆ. ಹಂಪ್ ಮೇಲೆ ಒಂದೊಂದೇ ಚಕ್ರ ಹತ್ತಿಸಿ ಸದ್ದು ಕೇಳಿ, ಸಸ್ಪೆನ್ಷನ್‌ನ ಲೋಯರ್ ಆರ್ಮ್ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್ ಹೇಗಿವೆ ಎಂದು ತಿಳಿಯುತ್ತದೆ. ಈ ಬಿಡಿಭಾಗಗಳ ಖರ್ಚು ಸಣ್ಣದು, ಬೆಲೆ ಇಳಿಸಲು ಬಳಸಿ. ಸೆಡಾನ್ ನೆಲಕ್ಕೆ ಹತ್ತಿರವಾದ್ದರಿಂದ ಕೊನೆಗೆ ಲಿಫ್ಟ್ ಮೇಲೆ ಎತ್ತಿಸಿ ಆಯಿಲ್ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ), ಮುಂದಿನ ಸಬ್‌ಫ್ರೇಮ್, ಸೈಲೆನ್ಸರ್ ಕೊಳವೆ ಉಜ್ಜಿವೆಯೇ ನೋಡಿಸಿ. ಸಂಪ್ ತಗ್ಗಿದ್ದರೆ ಒಳಗಿನ ಆಯಿಲ್ ಹೀರುವ ಕೊಳವೆಯ ಬಾಯಿಗೆ ತಗಡು ತಾಗಿ ಆಯಿಲ್ ಒತ್ತಡ ಇಳಿದಿರುವ ಸಾಧ್ಯತೆ ಇದೆ.

ಪ್ರಶ್ನೆ: ಮ್ಯಾನುಯಲ್ ಸಿಗುತ್ತಿಲ್ಲ, ಸಿಗುವುದೆಲ್ಲ ಆಟೊಮ್ಯಾಟಿಕ್. 80,000 ಕಿ.ಮೀ. ಓಡಿದ ಆಟೊಮ್ಯಾಟಿಕ್ ಕೊಂಡರೆ ಗೇರ್‌ಬಾಕ್ಸ್ ಖರ್ಚು ಬಂದು ಮುಳುಗುತ್ತೇವೆಯೇ?

ಉತ್ತರ: ಅದು ಯಾವ ಜಾತಿಯ ಆಟೊಮ್ಯಾಟಿಕ್ ಎಂಬುದರ ಮೇಲಿದೆ. ಇಲ್ಲಿ ಮೂರು ಜಾತಿ ನೋಡೋಣ: ಟಾರ್ಕ್ ಕನ್ವರ್ಟರ್, ಸಿವಿಟಿ, ಡ್ಯುಯಲ್ ಕ್ಲಚ್. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಇರುವ ಸಾಂಪ್ರದಾಯಿಕ ಗೇರ್‌ಬಾಕ್ಸ್ ಮೂರರಲ್ಲಿ ಹೆಚ್ಚು ತಾಳಿಕೆಯದು. ಪಿ (ಪಾರ್ಕ್) ಇಂದ ಡಿ (ಡ್ರೈವ್), ಡಿ ಇಂದ ಆರ್ (ರಿವರ್ಸ್) ಹಾಕಿದಾಗ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮೃದುವಾಗಿ ಹಿಡಿಯಬೇಕು. ತಡವಾಗಿ ಹಿಡಿದು ಧಡ್ ಎಂದರೆ ಒಳಗಿನ ಕ್ಲಚ್ ಅಥವಾ ವಾಲ್ವ್ ಬಾಡಿ ಸವೆದಿದೆ.

ಸಿವಿಟಿಯಲ್ಲಿ ಗೇರ್‌ಗಳ ಬದಲು ಎರಡು ಪುಲಿಗಳ ನಡುವೆ ಉಕ್ಕಿನ ಬೆಲ್ಟ್ ಇರುತ್ತದೆ. ಅದರ ಜೀವ ಆಯಿಲ್‌ನಲ್ಲಿದೆ. ಹಳೆಯದಾದ ಆಯಿಲ್‌ನಲ್ಲಿ ಬೆಲ್ಟ್ ಜಾರಿದರೆ ಪುಲಿಯ ಮೇಲ್ಮೈಗೆ ಗೀರು ಬೀಳುತ್ತದೆ, ಆಮೇಲೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ‘ಜೀವಮಾನಕ್ಕೆ ಸಾಕು’ ಎಂದು ಯಾರು ಹೇಳಿದರೂ 60,000 ಕಿ.ಮೀ. ಆಸುಪಾಸಿನಲ್ಲಿ ಸಿವಿಟಿ ಆಯಿಲ್ ಬದಲಿಸಿದ ಬಿಲ್ ಇರಬೇಕು, ಅದೂ ಕಂಪನಿ ಹೇಳಿದ ದರ್ಜೆಯದೇ. ಮಾಮೂಲಿ ಆಟೊಮ್ಯಾಟಿಕ್ ಆಯಿಲ್ ಹಾಕಿದರೆ ಬೆಲ್ಟ್‌ಗೆ ಬೇಕಾದ ಹಿಡಿತ ಸಿಗುವುದಿಲ್ಲ. ಏರುದಾರಿಯಲ್ಲಿ 40ರಿಂದ 60 ಕಿ.ಮೀ. ವೇಗಕ್ಕೆ ನಿಧಾನ ಒತ್ತುತ್ತಾ ಹೋಗಿ. ಅದುರಿದರೆ, ಅಥವಾ ವೇಗದ ಜೊತೆ ಏರುವ ಕೊರಗುವಂಥ ಸದ್ದು ಬಂದರೆ ಬಿಡಿ.

ಒಣ ಕ್ಲಚ್‌ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಹೆದ್ದಾರಿಯಲ್ಲಿ ಸೊಗಸು, ಟ್ರಾಫಿಕ್‌ನಲ್ಲಿ ತೆವಳಿದರೆ ಬಿಸಿಯಾಗಿ ಸವೆಯುತ್ತದೆ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ಹತ್ತು ಮೀಟರ್ ತೆವಳಲು ಬಿಡಿ, ಜರ್ಕ್ ಇರಬಾರದು. ಟ್ರಾಫಿಕ್‌ನಲ್ಲೇ ದಿನ ಕಳೆದ ಕಾರಾದರೆ ಕ್ಲಚ್ ಪ್ಯಾಕ್ ಬೆಲೆಯನ್ನು ಮೊದಲೇ ವಿಚಾರಿಸಿ, ಮೇಲಿನ ಲೆಕ್ಕದ 5ರ ಜಾಗಕ್ಕೆ ಸೇರಿಸಿ.

ಪ್ರಶ್ನೆ: ಏಳು ವರ್ಷದ ಹೈಬ್ರಿಡ್ ಸೆಡಾನ್ ಒಳ್ಳೆಯ ಬೆಲೆಗೆ ಇದೆ. ಬ್ಯಾಟರಿಯ ಭಯ. ಕೊಳ್ಳಬಹುದೇ?

ಉತ್ತರ: ಪರೀಕ್ಷಿಸಿ ಕೊಳ್ಳಬಹುದು. ಹೈಬ್ರಿಡ್ ಎಂದರೆ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ವಿದ್ಯುತ್ ಮೋಟಾರೂ ಇರುವ ಕಾರು. ಹೈಬ್ರಿಡ್ ಬ್ಯಾಟರಿಗೆ ಹಲವು ಕಂಪನಿಗಳು 8 ವರ್ಷದ ವಾರಂಟಿ ಕೊಡುತ್ತವೆ, ಉಳಿದ ವರ್ಷ ನಿಮ್ಮ ಹೆಸರಿಗೆ ಬರುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಓಡಿಸುವಾಗ ಚಾರ್ಜ್ ಗೆರೆಗಳು ಕೆಲವೇ ನಿಮಿಷದಲ್ಲಿ ಪೂರ್ತಿ ಏರಿ ಪೂರ್ತಿ ಇಳಿಯುತ್ತಿದ್ದರೆ ಬ್ಯಾಟರಿಯ ಸಾಮರ್ಥ್ಯ ಕುಗ್ಗಿದೆ. ಹೈಬ್ರಿಡ್ ಓದಬಲ್ಲ ಸ್ಕ್ಯಾನರ್‌ನಲ್ಲಿ ಬ್ಯಾಟರಿಯ ಒಂದೊಂದು ಬ್ಲಾಕಿನ ವೋಲ್ಟೇಜ್ ಕಾಣುತ್ತದೆ. ನಿಂತಾಗ ಎಲ್ಲವೂ ಸಮ ಕಾಣಬಹುದು, ಆದ್ದರಿಂದ ಜೋರಾಗಿ ವೇಗ ಏರಿಸುವಾಗ ನೋಡಿಸಿ. ಒಂದೇ ಬ್ಲಾಕ್ ಪ್ರತಿ ಸಲವೂ ಉಳಿದವಕ್ಕಿಂತ ಕೆಳಗೆ ಬಿದ್ದರೆ ಅದು ಹೋಗುವ ದಾರಿಯಲ್ಲಿದೆ.

ಬ್ಯಾಟರಿಯನ್ನು ತಣ್ಣಗಿಡುವ ಫ್ಯಾನ್‌ನ ಗಾಳಿ ಕಿಂಡಿ ಹಲವು ಮಾದರಿಗಳಲ್ಲಿ ಹಿಂದಿನ ಸೀಟಿನ ಬದಿಯಲ್ಲಿದೆ. ದೂಳು, ಕೂದಲು ತುಂಬಿದ ಕಿಂಡಿ ಬ್ಯಾಟರಿಯನ್ನು ಬೇಯಿಸುತ್ತದೆ, ಒಳ್ಳೆಯ ಬ್ಯಾಟರಿಗಳೂ ಹಾಳಾಗುವುದು ಹೀಗೆಯೇ. ಅದರ ಜಾಲರಿ ಸ್ವಚ್ಛವಿದ್ದರೆ ಸಾಕಿದವರು ಜಾಗ್ರತೆಯವರು ಎಂದು ಅರ್ಥ ಮಾಡಿಕೊಳ್ಳಬಹುದು. ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿ ಕೊಡುವ ಇನ್ವರ್ಟರ್‌ಗೆ ಪ್ರತ್ಯೇಕ ಕೂಲೆಂಟ್ ಡಬ್ಬಿ ಇದ್ದರೆ ಅದರ ಮಟ್ಟವನ್ನೂ ನೋಡಿ. ಕೇಸರಿ ಬಣ್ಣದ ವೈರುಗಳು ಹೈ ವೋಲ್ಟೇಜ್‌ನವು, ಮುಟ್ಟಬೇಡಿ.

ಪ್ರಶ್ನೆ: ಹೊಸ ಸೆಡಾನ್ ಬುಕ್ ಮಾಡಿದರೆ ತಿಂಗಳುಗಟ್ಟಲೆ ಕಾಯಬೇಕಂತೆ. ನಡುವೆ ಬೆಲೆ ಏರಿದರೆ?

ಉತ್ತರ: ರಸೀದಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ‘ಡೆಲಿವರಿ ದಿನದ ಬೆಲೆ ಅನ್ವಯ’ ಎಂದಿದ್ದರೆ ಏರಿಕೆ ನಿಮ್ಮ ತಲೆಗೇ ಬರುತ್ತದೆ. ಕೇಳಬೇಕಾದ್ದು ನಾಲ್ಕು, ಎಲ್ಲಕ್ಕೂ ಬರಹದಲ್ಲೇ ಉತ್ತರ ಬೇಕು: ಬೆಲೆ ಬುಕಿಂಗ್ ದಿನದ್ದೇ ಡೆಲಿವರಿ ದಿನದ್ದೇ, ರದ್ದು ಮಾಡಿದರೆ ಮುಂಗಡ ಪೂರ್ತಿ ವಾಪಸ್ಸೇ, ನೀವು ಕೇಳದ ಸೀಟ್ ಕವರ್, ಕೋಟಿಂಗ್, ವಿಸ್ತರಿತ ವಾರಂಟಿ ಕಡ್ಡಾಯವೇ, ತಡವಾದರೆ ಬೇರೆ ಬಣ್ಣ ಅಥವಾ ಮಾದರಿಗೆ ಬದಲಿಸಿಕೊಳ್ಳಬಹುದೇ. ಮುಂಗಡ ವಾಪಸ್ ಎಂದು ಬರೆದುಕೊಡುವ ಕಡೆ ಮಾತ್ರ ಬುಕ್ ಮಾಡಿ. ಬಣ್ಣದ ಹಟ ಬಿಟ್ಟವರಿಗೆ ಬೇಗ ಸಿಗುತ್ತದೆ, ಬೇರೆಯವರು ರದ್ದು ಮಾಡಿದ ಕಾರುಗಳ ಪಟ್ಟಿಗೂ ಹೆಸರು ಸೇರಿಸಿ.

‘ಕೂಡಲೇ ಸಿಗುತ್ತದೆ’ ಎನ್ನುವ ಕಾರಿನ ತಯಾರಿಕೆಯ ತಿಂಗಳನ್ನು ಬಾಗಿಲ ಕಂಬದ ಪಟ್ಟಿಯಲ್ಲಿ ನೋಡಿ. ಆರು ತಿಂಗಳಿಗಿಂತ ಹೆಚ್ಚು ಅಂಗಳದಲ್ಲಿ ನಿಂತಿದ್ದರೆ ಬ್ಯಾಟರಿ ಅಳೆಯಿಸಿ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ 12.6 ವೋಲ್ಟ್ ಆಸುಪಾಸು ಇರಬೇಕು, 12.4ರ ಕೆಳಗಿದ್ದರೆ ಹೊಸದನ್ನು ಕೇಳಿ. ಡೆಮೊ ಕಾರಾದರೆ ವಾರಂಟಿ ಯಾವ ದಿನದಿಂದ ಶುರುವಾಗಿದೆ ಎಂದು ಕೇಳಿ, ನಿಮಗೆ ಮಾರಿದ ದಿನದಿಂದಲೇ ಎಂದು ಊಹಿಸಬೇಡಿ.

ಪ್ರಶ್ನೆ: ಬೆಲೆ ಏರಿರುವುದರಿಂದ ಐದು ವರ್ಷದ ಬದಲು ಏಳು ವರ್ಷಕ್ಕೆ ಸಾಲ ಮಾಡಿ ಕಂತು ಇಳಿಸಿಕೊಂಡರೆ ಹೇಗೆ?

ಉತ್ತರ: ಶೇ 9ರ ಬಡ್ಡಿಯಲ್ಲಿ 100ಕ್ಕೆ ಐದು ವರ್ಷದ ಕಂತು ತಿಂಗಳಿಗೆ 2.08, ಏಳು ವರ್ಷದ್ದು 1.61. ಕಂತು ಇಳಿದದ್ದು ನಿಜ, ಆದರೆ ಒಟ್ಟು 124.5ರ ಬದಲು 135 ಕಟ್ಟುತ್ತೀರಿ. ನಮಗೆ ಇದಕ್ಕಿಂತ ಹೆಚ್ಚು ಆತಂಕ ಅಸಲಿನದು. ಮೂರು ವರ್ಷ ಕಟ್ಟಿದ ಮೇಲೆ ಐದು ವರ್ಷದ ಸಾಲದಲ್ಲಿ ಬಾಕಿ ಸುಮಾರು 45, ಏಳು ವರ್ಷದ್ದರಲ್ಲಿ ಸುಮಾರು 65. ಆ ಹೊತ್ತಿಗೆ ಹಳೆಯ ಕಾರುಗಳ ಬೆಲೆ ಇಳಿದು ನಿಮ್ಮದಕ್ಕೆ 55 ಸಿಗುವಂತಾದರೆ, ಮಾರಿದರೂ ಕೈಯಿಂದ 10 ಹಾಕಿ ಸಾಲ ತೀರಿಸಬೇಕು. ಅಪಘಾತದಲ್ಲಿ ಕಾರು ಪೂರ್ತಿ ಹೋದರೂ ಅದೇ ಕಥೆ, ವಿಮೆ ಕೊಡುವುದು ಅಂದಿನ ಬೆಲೆಯನ್ನು. ಐದು ವರ್ಷದ ಕಂತು ಹೊರೆಯಾದರೆ ಒಂದು ಹಂತ ಕೆಳಗಿನ ಮಾದರಿಗೆ ಇಳಿಯಿರಿ.

ಪ್ರಶ್ನೆ: ನಮ್ಮ ಸೆಡಾನ್‌ಗೆ 11 ವರ್ಷ, 1,40,000 ಕಿ.ಮೀ. ಆಗಿದೆ. ಇನ್ನೂ ಮೂರು ವರ್ಷ ಓಡಿಸಬಹುದೇ, ಏನು ಮಾಡಿಸಬೇಕು?

ಉತ್ತರ: ಮೊದಲು ಖರ್ಚಿಲ್ಲದ ಪರೀಕ್ಷೆ. ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಸ್ಟ್ರಟ್ ಕೂರುವ ಜಾಗ, ಹಿಂದಿನ ಆಕ್ಸಲ್ ಬಾಡಿಗೆ ಸೇರುವ ಜಾಗ ಇವುಗಳಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ತಗಡು ಪುಡಿಯಾಗಿ ಉದುರಿದರೆ ಅಲ್ಲಿಗೆ ನಿಲ್ಲಿಸಿ, ಗುದ್ದು ಬಿದ್ದಾಗ ಆ ಕಾರು ಒಳಗಿನವರನ್ನು ಕಾಯುವುದಿಲ್ಲ. ಮೇಲುತುಕ್ಕು ಮಾತ್ರ ಇದ್ದರೆ ಮುಂದುವರಿಯಿರಿ.

ಬಳಿಕ ಕಂಪ್ರೆಷನ್ ಪರೀಕ್ಷೆ, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು. ಒಂದೊಂದು ಸಿಲಿಂಡರ್‌ನ ಅಂಕಿಯೂ ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 10ರಿಂದ 13 ಬಾರ್ ಇದ್ದು, ನಾಲ್ಕರ ನಡುವಿನ ವ್ಯತ್ಯಾಸ ಶೇ 10–15ರೊಳಗಿದ್ದರೆ ಎಂಜಿನ್‌ಗೆ ಇನ್ನೂ ಆಯುಷ್ಯವಿದೆ. ಆಯಿಲ್ ಕಡ್ಡಿಯನ್ನು 1,000 ಕಿ.ಮೀ.ಗೊಮ್ಮೆ ನೋಡಿ. ಸಾವಿರ ಕಿ.ಮೀ.ಗೆ ಒಂದು ಲೀಟರ್ ಹತ್ತಿರ ಆಯಿಲ್ ತಿನ್ನುತ್ತಿದ್ದರೆ ಮೂರು ವರ್ಷದ ಆಸೆ ಬೇಡ.

ಹಳೆಯ ಎಂಜಿನ್‌ಗಳನ್ನು ಮುಗಿಸುವುದು ಹೆಚ್ಚಾಗಿ ಸವೆತವಲ್ಲ, ಬಿಸಿ. ಹತ್ತು ವರ್ಷದ ರಬ್ಬರ್ ಹೋಸ್ ಒಳಗಿನಿಂದ ಮೆದುವಾಗಿ ಕ್ಲಿಪ್ ಹತ್ತಿರ ಒಡೆಯುತ್ತದೆ. ನೀರು ಹೋದದ್ದು ತಿಳಿಯುವ ಮೊದಲೇ ಎಂಜಿನ್‌ನ ಮೇಲ್ಭಾಗವಾದ ಹೆಡ್ ಬಾಗುತ್ತದೆ. ಆದ್ದರಿಂದ ಮೇಲಿನ ಕೆಳಗಿನ ಎರಡೂ ರೇಡಿಯೇಟರ್ ಹೋಸ್, ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಒಟ್ಟಿಗೆ ಬದಲಿಸಿ. ಕೂಲೆಂಟ್ ಕಂಪನಿ ಹೇಳಿದ ಜಾತಿಯದೇ ಇರಲಿ, ಗಾಢವಾದದ್ದಾದರೆ ಖನಿಜರಹಿತ ನೀರಿನೊಡನೆ ಅರ್ಧಕ್ಕರ್ಧ ಬೆರೆಸಿ. ಬೇರೆ ಬೇರೆ ಜಾತಿ ಬೆರೆತರೆ ಲೋಳೆಯಾಗಿ ರೇಡಿಯೇಟರ್ ಕಟ್ಟಿಕೊಳ್ಳಬಹುದು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು ಬದಲಿಸಿದ ದಾಖಲೆ ಇಲ್ಲದಿದ್ದರೆ ಈ ವಾರವೇ ಬದಲಿಸಿ, ಜೊತೆಗೆ ಟೆನ್ಷನರ್ ಮತ್ತು ವಾಟರ್ ಪಂಪ್ ಕೂಡ. ಹೇಗೂ ಅಷ್ಟು ಬಿಚ್ಚಿರುವಾಗ ಕೂಲಿ ಒಂದೇ. ಹಲವು ಎಂಜಿನ್‌ಗಳಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು, ಅದು ಗಾಳಿಯ ತೇವ ಹೀರಿ ಇಳಿಜಾರಿನಲ್ಲಿ ಕುದಿಯುತ್ತದೆ. ಟೈರಿನ ಗೆರೆಯ ಆಳ 3 ಮಿ.ಮೀ.ಗೆ ಇಳಿದಾಗ ಬದಲಿಸಿ, ಹಲವು ದೇಶಗಳ ಕಾನೂನಿನ 1.6 ಮಿ.ಮೀ.ವರೆಗೆ ಕಾದರೆ ಮಳೆಯಲ್ಲಿ ಹಿಡಿತ ಸಿಗುವುದಿಲ್ಲ.

ಎಲ್ಲಿಯವರೆಗೆ ಖರ್ಚು ಮಾಡಬೇಕು ಎಂಬುದಕ್ಕೆ ಮೇಲಿನ 8.75ನ್ನೇ ಅಳತೆಗೋಲು ಮಾಡಿಕೊಳ್ಳಿ. ಮಾಮೂಲಿ ಸರ್ವೀಸ್ ಬಿಟ್ಟು ಉಳಿದ ರಿಪೇರಿ ವರ್ಷಕ್ಕೆ ಹೊಸ ಕಾರಿನ ಬೆಲೆಯ ಶೇ 8–9ಕ್ಕಿಂತ ಕೆಳಗಿದ್ದರೆ ಇಟ್ಟುಕೊಳ್ಳುವುದೇ ಲಾಭ. ಇಂದಿನ ಬೆಲೆಯಲ್ಲಿ ಒಳ್ಳೆಯ ಬಾಡಿಯಿರುವ ಹಳೆಯ ಸೆಡಾನ್‌ಗೆ ಆ ಮಿತಿ ದಾಟುವುದು ಅಪರೂಪ.

ಪ್ರಶ್ನೆ: ಸೆಡಾನ್ ಹುಡುಕಿ ಸಾಕಾಗಿದೆ. ಅದೇ ಬೆಲೆಗೆ ಸಿಗುವ ಸಣ್ಣ ಎಸ್‌ಯುವಿ ತೆಗೆದುಕೊಂಡರೆ ನಷ್ಟವೇ?

ಉತ್ತರ: ಊರೊಳಗಿನ ಓಡಾಟಕ್ಕೆ ದೊಡ್ಡ ನಷ್ಟವಿಲ್ಲ, ಹತ್ತಿ ಇಳಿಯಲು ಹಿರಿಯರಿಗೆ ಸುಲಭವೂ ಹೌದು. ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರಿಗೆ ಇಂಧನದ ವ್ಯತ್ಯಾಸ ಕಾಣುತ್ತದೆ, ಎತ್ತರದ ಗಾಡಿ ಹೆಚ್ಚು ಗಾಳಿಯನ್ನು ತಳ್ಳಬೇಕು, ತೂಕವೂ ಹೆಚ್ಚು. ಟೈರಿನ ಅಳತೆ ದೊಡ್ಡದಾದಷ್ಟೂ ಬದಲಿಸುವಾಗಿನ ಖರ್ಚು ಏರುತ್ತದೆ, ಕೊಳ್ಳುವ ಮುಂಚೆ ಎರಡರ ಟೈರ್ ಬೆಲೆ ಕೇಳಿ. ಸಾಮಾನಿನ ವಿಷಯದಲ್ಲಿ ಲೀಟರ್ ಲೆಕ್ಕ ನಂಬಬೇಡಿ. ಸೆಡಾನ್ ಡಿಕ್ಕಿ ಆಳವಾಗಿದ್ದರೂ ಬಾಯಿ ಕಿರಿದು. ಮಗುವಿನ ತಳ್ಳುಗಾಡಿಯನ್ನೋ ವೀಲ್‌ಚೇರನ್ನೋ ಒಯ್ದು ನಿಜಕ್ಕೂ ಒಳಗೆ ಇಟ್ಟು ಮುಚ್ಚಳ ಮುಚ್ಚಿ ನೋಡಿ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ಸೀಟು ಕಟ್ಟಿದ ಮೇಲೆ ನಡುವೆ ದೊಡ್ಡವರು ಕೂರಬಹುದೇ ಎಂಬುದನ್ನೂ ಹಾಗೆಯೇ ಕೂತು ನೋಡಿ ತೀರ್ಮಾನಿಸಿ.